ಮೂರೂವರೆ ತಾಸಿನ ತೊಟ್ಟಿಲು, ಒಂದೇ ಡಿಸ್ಕು

ಪಕ್ಕದ ಮನೆಯಿಂದ ಗುಗ್ಗರಿಯ ವಾಸನೆ ಬರುತ್ತಿದೆ. ಬೆಂದ ಕಡಲೆ, ಅದರ ಮೇಲೆ ಇಂಗು, ಒಣಮೆಣಸಿನಕಾಯಿಯ ಒಗ್ಗರಣೆ. ನಮ್ಮ ಕಡೆ ಈ ವಾಸನೆ ಓಣಿಗೆ ಬಂತೆಂದರೆ ಯಾರನ್ನೂ ಕೇಳಬೇಕಾಗಿಲ್ಲ. ಆ ಮನೆಯಲ್ಲಿ ಇವತ್ತು ಕೂಸನ್ನು ತೊಟ್ಟಿಲಿಗೆ ಹಾಕಿ ಹೆಸರಿಡುತ್ತಾರೆ. ನಾನು ಓದಿದ್ದು ಮೂರನೆಯ ಇಯತ್ತೆ. ಒತ್ತಕ್ಷರ ಬಂದಲ್ಲಿ ಪೆನ್ನು ಈಗಲೂ ಎಡವುತ್ತದೆ. ಆದರೂ ಈ ವಾಸನೆ ಮೂಗಿಗೆ ಬಿದ್ದ ಮೇಲೆ ನಮ್ಮ ಮನೆಯ ತೊಟ್ಟಿಲ ಕಾರ್ಯದ ಸುದ್ದಿ ಹೇಳದೆ ಇರಲಾರೆ. ಓಣಿಯವರೆಲ್ಲ ಕೇಳಿ ಕೇಳಿ ಈಗ ನನ್ನನ್ನು ಕಂಡರೆ ಬಾಗಿಲು ಮುಂದೆ ಮಾಡಿ ಒಳಗೆ ಹೋಗುತ್ತಾರೆ. ನೀವು ಹೊಸಬರು, ಸಿಕ್ಕಿದ್ದೀರಿ, ಕೂತುಕೊಳ್ಳಿ.

ನನ್ನ ಮಗಳು ಶೈಲಾಳಿಗೆ ಮದುವೆಯಾಗಿ ಹನ್ನೊಂದು ವರ್ಷಕ್ಕೆ ಕೂಸಾಯಿತು. ಆ ಹನ್ನೊಂದು ವರ್ಷ ಮಂದಿಯ ಮನೆಯ ತೊಟ್ಟಿಲಿಗೆ ಹೋದಾಗಲೆಲ್ಲ ನಾನು ನಡುಮನೆಯಲ್ಲಿ ಕೂತವಳಲ್ಲ. ಒಳಗೆ ಅಡುಗೆಮನೆಯಲ್ಲಿ ಬಳ್ಳೊಳ್ಳಿ ಸುಲಿಯುತ್ತ ಕೂರುತ್ತಿದ್ದೆ. ಯಾರೂ ಏನೂ ಅಂದಿರಲಿಲ್ಲ. ಅನ್ನುವ ಮೊದಲೇ ನಾನು ಒಳಗೆ ಹೋಗಿರುತ್ತಿದ್ದೆ. ಹೀಗಿರುವಾಗ ಸತ್ತೂರಿನ ಆಸ್ಪತ್ರೆಯಲ್ಲಿ ನರ್ಸು ಕೂಸನ್ನು ನನ್ನ ಕೈಗಿತ್ತ ದಿನ ನನಗೆ ಏನಾಯಿತೋ! ಬಾಗಿಲು ಕಾಯುವವನಿಗೆ ಪೇಢೆ ಕೊಟ್ಟೆ, ಆಟೋದವನಿಗೆ ಕೊಟ್ಟೆ, ಕೈ ಮುರಿದುಕೊಂಡು ಬಂದಿದ್ದ ಗುರುತಿಲ್ಲದ ಒಬ್ಬನ ಬಾಯಿಗೂ ತುರುಕಿದೆ. ಅವನು ಪಾಪ, ನರಳುತ್ತಲೇ ತಿಂದ.

ಕೂಸಿನ ಮುಖ ನೋಡಿದ್ದೇ ತಡ, ನನ್ನ ಬಾಯಿಂದ ಬಂದ ಮಾತು, "ನಮ್ಮವ್ವ ಬಂದ್ಲು."

ಅಳಿಯನ ತಾಯಿ, ನನ್ನ ಬೀಗತಿ ಗಂಗವ್ವ, ಅಲ್ಲೇ ನಿಂತಿದ್ದರು. "ಅಲ್ರೀ ಬೀಗತ್ಯಾರ, ನೀವು ನಾಕು ವರ್ಷದಾಕಿ ಇದ್ದಾಗ ನಿಮ್ಮವ್ವ ತೀರಿಕೊಂಡ್ಲು, ಮಾರಿ ನೆನಪಿಲ್ಲ ಅಂತ ನೀವ ಹೇಳ್ತೀರಿ. ಮತ್ತ ಇದು ಹೆಂಗ ಗೊತ್ತಾತು? ಮೂಗು ನೋಡ್ರಿ ಮೂಗು. ನಂದ ಐತಿ."

"ಹಂಗ ಅನಬ್ಯಾಡ್ರಿ. ಆ ಮೂಗು ಬಂದ್ರ ನಾಳೆ ಕೂಸಿಗೆ ವರ ಸಿಗೂದು ತ್ರಾಸ ಆಗ್ತೈತಿ."

ನಕ್ಕೆವು. ಆದರೆ ಅವರು ಕೇಳಿದ್ದು ಖರೆ. ನಮ್ಮವ್ವನ ಫೋಟೋ ಒಂದೂ ಇಲ್ಲ. ಅವಳ ಸೀರೆಯ ಸೆರಗು ನೆನಪಿದೆ, ಕೈಬಳೆಯ ಸಪ್ಪಳ ನೆನಪಿದೆ, ಮುಖದ ಜಾಗದಲ್ಲಿ ಮಾತ್ರ ಏನೂ ಇಲ್ಲ. ಆ ಮುಖ ನೆನಪಿರುವವರು ಈಗ ಬದುಕಿರುವುದು ಒಬ್ಬರೇ, ನಮ್ಮಕ್ಕ. ಅವ್ವ ಹೋದಾಗ ಅಕ್ಕನಿಗೆ ಹನ್ನೆರಡು ವರ್ಷ. ಅಂದಿನಿಂದ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ. ಕೂಸು ಅವ್ವನಂತಿದೆಯೋ ಇಲ್ಲವೋ ಎಂಬುದನ್ನು ಅಕ್ಕ ನೋಡಿ ಹೇಳಬೇಕು. ನನಗೆ ಬೇಕಾಗಿದ್ದದ್ದು ಅಷ್ಟೇ.

ತೊಟ್ಟಿಲ ಕಾರ್ಯಕ್ಕೆ ಹದಿನೈದು ದಿನ ಇರುವಾಗ ಅಕ್ಕ ಬಚ್ಚಲಲ್ಲಿ ಜಾರಿ ತೊಡೆಯ ಎಲುಬು ಮುರಿದುಕೊಂಡಳು. ಅವಳ ಊರು ನವಲಗುಂದದ ಆಚೆ. ಬರಲಾಗಲಿಲ್ಲ. ಫೋನಿನಲ್ಲಿ ಫೋಟೋ ಕಳಿಸಿದರೆ ಅವಳಿಗೆ ಕಾಣುವುದಿಲ್ಲ, ಕಣ್ಣಿಗೆ ಪೊರೆ. ಅವಳ ಮನೆಯಲ್ಲಿರುವುದು ಹೊಟ್ಟೆ ಮುಂದೆ ಬಂದ ಹಳೆಯ ಟಿ.ವಿ., ಅದರ ಕೆಳಗೆ ಡಿಸ್ಕು ಹಾಕುವ ಒಂದು ಮಿಷಿನ್ನು. ಟಿ.ವಿ. ಹತ್ತಿರ ಮಂಚ ಎಳೆದರೆ ಅವಳಿಗೆ ಚೆನ್ನಾಗಿ ಕಾಣುತ್ತದೆ. ಅವಳ ಸೊಸೆ ಸಾಲಿಯಲ್ಲಿ ಮಕ್ಕಳ ಬಿಸಿಯೂಟ ಮಾಡುತ್ತಾಳೆ. ಮುಂಜಾನೆ ಹೋಗುವಾಗ ಒಂದು ಡಿಸ್ಕು ಹಾಕಿ ಹೋದರೆ ಮತ್ತೆ ಬರುವುದು ಮಧ್ಯಾಹ್ನ. ನಡುವೆ ಬದಲಿಸಲು ಯಾರೂ ಇಲ್ಲ. ನಾನು ಒಂದು ದಿನ ಹೋಗಿ ಕೂತು ಬದಲಿಸಿಯೇನು, ಉಳಿದ ದಿನ? ಹಾಗಾಗಿ ಇಡೀ ಕಾರ್ಯ ಒಂದೇ ಡಿಸ್ಕಿನಲ್ಲಿರಬೇಕು, ಕೂಸಿನ ಮುಖ ಸ್ವಚ್ಛ ಕಾಣಬೇಕು.

ನಮ್ಮ ಅಳಿಯ ಹೊಸ ಕ್ಯಾಮೆರಾ ತಂದಿದ್ದ. ಮುಂಜಾನೆ ಚಾಲೂ ಮಾಡಿದವನು ಬಂದ್ ಮಾಡುವುದನ್ನೇ ಮರೆತ. ಮೂರೂವರೆ ತಾಸು! ಬಡಿಸಲು ಕರೆದರೆ ಅದನ್ನು ತೊಟ್ಟಿಲ ಮುಂದೆ ಮೂರುಕಾಲಿನ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಹೋಗುತ್ತಿದ್ದ. ಅದೆಲ್ಲವನ್ನೂ ಕಡ್ಡಿಯಂಥ ಒಂದು ಪೆನ್ ಡ್ರೈವಿನಲ್ಲಿ ತುಂಬಿ ನನ್ನ ಕೈಗೆ ಕೊಟ್ಟ. ನಾನೂ ಬೀಗತಿಯೂ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹುಬ್ಬಳ್ಳಿಯ ಬಸ್ಸು ಹತ್ತಿದೆವು. ಕಮರಿಪೇಟೆಯಲ್ಲಿ ಮಾಬೂಸಾಬರ ಸ್ಟುಡಿಯೊ ಇದೆ. ಡಿಸ್ಕು ಮಾಡಿಕೊಡುವವರು ಈಗ ಉಳಿದಿರುವುದೇ ಅಪರೂಪ. ಸಾಬರಿಗೆ ಅರವತ್ತು ದಾಟಿದೆ, ಮಾತು ಕಡಿಮೆ, ಕನ್ನಡಕ ಹಣೆಯ ಮೇಲೆ.

"ಫೈಲು ಭಾಳ ದೊಡ್ಡದೈತ್ರಿ ಅವ್ವಾರ. ಒಂದು ಡಿಸ್ಕಿನ್ಯಾಗ ಹಿಡಸಂಗಿಲ್ಲ."

ಫೈಲು ಎಂದರೆ ನನಗೆ ಗೊತ್ತಿದ್ದದ್ದು ಕಚೇರಿಯ ಕೆಂಪು ದಾರದ್ದು. "ಅದ್ಹೆಂಗ್ರಿ? ಬೆರಳಿನಷ್ಟ ಕಡ್ಡಿಯೊಳಗ ಹಿಡಸೇತಿ, ಗಂಗಾಳದಷ್ಟ ಡಿಸ್ಕಿನ್ಯಾಗ ಹಿಡಸಂಗಿಲ್ಲೇನು?"

ಇಷ್ಟು ವರ್ಷದ ಕಸುಬಿನಲ್ಲಿ ಸಾಬರಿಗೆ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲವೆಂದು ಕಾಣುತ್ತದೆ. ಅವರು ಕನ್ನಡಕ ಇಳಿಸಿಕೊಂಡು, "ಒತ್ತಿ ತುಂಬಿದ್ರ ಹಿಡಸ್ತೈತ್ರಿ. ಮಾರಿ ಏನಾಗ್ತೈತಿ ನೋಡ್ರಿ," ಎಂದು ಪರದೆಯ ಮೇಲೆ ತೋರಿಸಿದರು. ನನ್ನ ಮೊಮ್ಮಗಳ ಗಲ್ಲ ಚೌಕ ಚೌಕವಾಗಿ, ತುಂಡು ಬಟ್ಟೆ ಹಚ್ಚಿ ಹೊಲಿದ ಕೌದಿಯ ಹಾಗೆ ಕಂಡಿತು. ಕಣ್ಣು ಎಲ್ಲಿ, ಮೂಗು ಎಲ್ಲಿ!

"ಇದರಾಗ ನನ್ನ ಮೂಗೂ ಇಲ್ಲ, ನಿಮ್ಮವ್ವನ ಮಾರೀನೂ ಇಲ್ಲ," ಎಂದರು ಬೀಗತಿ.

ಹೆಚ್ಚು ಹಿಡಿಸುವ ಎರಡು ಪದರಿನ ಡಿಸ್ಕೂ ಇದೆಯಂತೆ, ಆದರೆ ಅಕ್ಕನ ಹಳೆಯ ಮಿಷಿನ್ನು ಅದನ್ನು ಓದುವ ಭರವಸೆ ಇಲ್ಲವಂತೆ. "ಒಂದು ತಾಸಿಂದು ತಗದು ಹಾಕ್ರಿ. ಉಳದ ಎರಡೂವರಿ ತಾಸು ನಾ ಛಲೋ ಕೂಡಿಸಿ ಕೊಡ್ತೀನಿ," ಎಂದು, ಹೇಗೆ ಕೂಡಿಸುತ್ತಾರೆಂಬುದನ್ನೂ ಹೇಳಿದರು. ಕಂಪ್ಯೂಟರು ಮೊದಲ ಸಲ ಪೂರ್ತಿ ವಿಡಿಯೊ ಸುಮ್ಮನೆ ನೋಡುತ್ತದಂತೆ, ಏನೂ ಬರೆಯುವುದಿಲ್ಲವಂತೆ. ಎಲ್ಲಿ ಮಂದಿ ಸುಮ್ಮನೆ ಕೂತಿದ್ದಾರೆ, ಎಲ್ಲಿ ಅಲುಗಾಟ ಇದೆ ಎಂದು ಗುರುತು ಹಾಕಿಕೊಳ್ಳುತ್ತದೆ. ಎರಡನೆಯ ಸಲ ಬರೆಯುವಾಗ ಸುಮ್ಮನೆ ಕೂತವರಿಗೆ ಸ್ವಲ್ಪ ಜಾಗ, ಅಲುಗಾಡುವವರಿಗೆ ಹೆಚ್ಚು ಜಾಗ. ಎಲ್ಲರಿಗೂ ಸಮಸಮ ಹಂಚಿದರೆ ಕೈಕಾಲು ಬಡಿಯುವ ಕೂಸಿನ ಮುಖವೇ ಮೊದಲು ಕೆಡುತ್ತದೆ.

ನನಗೆ ಅಕ್ಕ ನೆನಪಾದಳು. ಯಾಕೆಂದು ಹೇಳುತ್ತೇನೆ. ಅವ್ವ ಹೋದ ಮೇಲೆ ನಮ್ಮ ಮನೆಯಲ್ಲಿ ಏಳು ಬಾಯಿ, ಒಂದು ಸಣ್ಣ ಗಡಿಗೆ ನುಚ್ಚು. ಹನ್ನೆರಡು ವರ್ಷದ ಅಕ್ಕ ಸೌಟು ಕೈಯಲ್ಲಿ ಹಿಡಿದು ಮೊದಲು ಬಡಿಸುತ್ತಿರಲಿಲ್ಲ. ಸಾಲಾಗಿ ಕೂತ ನಮ್ಮ ಮುಖಗಳನ್ನು ಈ ತುದಿಯಿಂದ ಆ ತುದಿಗೆ ಒಮ್ಮೆ ನೋಡುತ್ತಿದ್ದಳು. ಯಾರು ಹೊಲಕ್ಕೆ ಹೋಗಿ ಬಂದಿದ್ದಾರೆ, ಯಾರಿಗೆ ಜ್ವರ, ಯಾರು ಸಾಲಿಯಲ್ಲಿ ಸುಮ್ಮನೆ ಕೂತು ಬಂದಿದ್ದಾರೆ. ಆಮೇಲೆ ಸೌಟು ಇಳಿಯುತ್ತಿತ್ತು. ಒಬ್ಬೊಬ್ಬರ ಗಂಗಾಳದಲ್ಲಿ ಒಂದೊಂದು ಅಳತೆ, ಆದರೂ ಹಸಿದು ಎದ್ದವರಿಲ್ಲ. ಕಂಪ್ಯೂಟರಿಗೆ ಈ ಬುದ್ಧಿ ಕಲಿಸಿದವರು ಯಾರೋ ನಾನು ಕಾಣೆ. ಅವರ ಮನೆಯಲ್ಲೂ ಒಬ್ಬ ಅಕ್ಕ ಇದ್ದಿರಬೇಕು.

ಈಗ ಯಾವ ತಾಸನ್ನು ತೆಗೆಯುವುದು? "ಊಟದ ಪಂಕ್ತಿ ತಗೀರಿ," ಎಂದರು ಬೀಗತಿ. "ಮಂದಿ ಹೋಳಿಗಿ ನುಂಗೂದನ್ನ ಏನ್ ನೋಡೂದು?" ನಾನು ಅಲ್ಲಿಂದಲೇ ಅಕ್ಕನಿಗೆ ಫೋನು ಹಚ್ಚಿದೆ. ಅವಳು ಕೂಗಿದ್ದು ಅಂಗಡಿಯ ತುಂಬ ಕೇಳಿಸಿತು. "ಪಂಕ್ತಿ ಮುಟ್ಟಿದ್ರ ನೋಡು! ಹಾಸಗಿ ಹಿಡದಾಗಿಂದ ಒಬ್ಬರ ಮಾರಿ ನೋಡಿಲ್ಲ. ಯಾರ್ಯಾರು ಬಂದಿದ್ರು, ಯಾರು ಸೊರಗ್ಯಾರ, ಎಲ್ಲಾ ನೋಡಬೇಕು ನಾ."

ಸೋದರತ್ತೆ ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಗೌರಿ ಎಂಬ ಹೆಸರು ಕೂಗುವಾಗ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದುವುದಿದೆಯಲ್ಲ, ಅದು ಬೀಗತಿಯ ಮಗಳ ಬೆನ್ನು. "ಅದನ್ನ ತಗದ್ರ ನಾ ಮನಿಗೆ ಹೋಗಂಗಿಲ್ಲ. ಆ ಗುದ್ದಿಗೆ ನನ್ನ ಮಗಳು ಎಂಟು ದಿನ ಬೆನ್ನಿಗೆ ಎಣ್ಣಿ ಹಚ್ಚಿಸಿಕೊಂಡಾಳ," ಎಂದರು ಅವರು. ಅದೂ ಉಳಿಯಿತು.

ಸಾಬರು ಹಿಂದೆ ಮುಂದೆ ಓಡಿಸಿ ನೋಡುತ್ತಿದ್ದವರು ಒಂದು ಕಡೆ ನಿಲ್ಲಿಸಿದರು. "ತಗಿಯೂ ಜಾಗಾ ಸಿಕ್ತು ನೋಡ್ರಿ. ಈ ಹಸರ ಸೀರಿ ಹೆಣಮಗಳು ಒಂದ ಕಡೆ ನಿಲ್ಲಂಗಿಲ್ಲ. ಕ್ಯಾಮೆರಾಕ್ಕ ಅಡ್ಡ ಬಂದು ಕುಣೀತಾಳ, ಹಾಡ್ತಾಳ, ಬಂದೋರ್ನೆಲ್ಲ ಕೈ ಹಿಡದು ಎಳಕೊಂಡು ಬರ್ತಾಳ. ಎಲ್ಲಾ ಕೂಡಿ ಒಂದು ತಾಸು ತೊಟ್ಟಿಲ ಕಾಣಂಗಿಲ್ಲ, ಇಕಿ ಬೆನ್ನ ಕಾಣ್ತೈತಿ. ಅಲುಗಾಟ ಜಾಸ್ತಿ, ಜಾಗಾನೂ ಇಕೀನ ತಿಂತಾಳ. ಯಾರ್ರೀ ಇಕಿ?"

ಬೀಗತಿ ಸೆರಗನ್ನು ಬಾಯಿಗೆ ತುರುಕಿಕೊಂಡರೂ ನಗು ನಿಲ್ಲಲಿಲ್ಲ. ನಕ್ಕು ನಕ್ಕು ಕೆಮ್ಮು ಹತ್ತಿತು. "ಇಲ್ಲೇ ಕುಂತಾರಲ್ರಿ ಸಾಬ್ರ, ನಿಮ್ಮ ಮುಂದ!"

ಸಾಬರು ಎದ್ದು ನಿಂತುಬಿಟ್ಟರು. "ತಪ್ಪ ತಿಳಕೋಬ್ಯಾಡ್ರಿ ಅವ್ವಾರ."

ನಾನೂ ನಕ್ಕೆ. ಒಳಗೆ ಸ್ವಲ್ಪ ಚುರುಕ್ಕೆಂದದ್ದು ಖರೆ. ನಾನು ಅಷ್ಟು ಕುಣಿದದ್ದು ನನಗೇ ಗೊತ್ತಿರಲಿಲ್ಲ. "ತಗೀರಿ," ಎಂದೆ. "ಅಕ್ಕ ನನ್ನ ಮಾರಿ ಅರವತ್ತು ವರ್ಷದಿಂದ ನೋಡ್ಯಾಳ. ಕೂಸಿಂದು ಕಾಣಬೇಕು."

ಬರೆಯಲು ಇಟ್ಟಾಗ ಸಾಬರು, "ಈಗ ಡಿಸ್ಕು ಸುಡೂದೊಂದ ಉಳೀತು," ಎಂದರು. ಬೀಗತಿ ಹೌಹಾರಿ, "ಶುಭಕಾರ್ಯಕ್ಕ ಸುಡೂದು ಅಂತೀರಲ್ರೀ!" ಎಂದರು. ಸಾಬರು ತಲೆ ಎತ್ತದೆ, "ರೊಟ್ಟಿ ಸುಡಂಗಿಲ್ಲೇನ್ರಿ? ಹಂಗ. ಸಣ್ಣ ಉರಿಮ್ಯಾಗ ಸುಟ್ರ ಹಸಿಬಿಸಿ ಆಗಂಗಿಲ್ಲ," ಎಂದರು. ಡಿಸ್ಕಿಗೆ ಬರೆಯುವುದಕ್ಕೆ ಅವರ ಕಸುಬಿನಲ್ಲಿ ಸುಡುವುದು ಎನ್ನುತ್ತಾರಂತೆ, ನಿಧಾನ ಬರೆದರೆ ಡಿಸ್ಕು ನಡುವೆ ನಿಲ್ಲುವುದಿಲ್ಲವಂತೆ. ನಾನು ಚಹಾ ಹೇಳಲು ಹೊರಗೆ ಹೋದೆ. ಬಂದಾಗ ಬೀಗತಿಯೂ ಸಾಬರೂ ಏನೋ ಗುಸುಗುಸು ಮಾತಾಡುತ್ತಿದ್ದವರು ಸುಮ್ಮನಾದರು.

ಮರುದಿನ ಅಕ್ಕನ ಮಂಚದ ಮೇಲೆ ಅವಳ ಪಕ್ಕದಲ್ಲಿ ಕೂತೆ. ಸೊಸೆ ಡಿಸ್ಕು ಹಾಕಿ ಸಾಲಿಗೆ ಹೋದಳು. ಪಂಕ್ತಿಯಲ್ಲಿ ಕೂತ ಒಬ್ಬೊಬ್ಬರನ್ನೂ ಅಕ್ಕ ಹೆಸರು ಹಿಡಿದು ಕರೆದಳು. "ಇವ ಇನ್ನೂ ಗಟ್ಟಿ ಅದಾನಲ್ಲ! ಇಕಿ ನೋಡು, ಹಲ್ಲು ಕಟ್ಟಿಸ್ಯಾಳ!" ಕೊನೆಗೆ ಕೂಸು ಬಂತು. ಟಿ.ವಿ. ತುಂಬ ಗೌರಿಯ ಮುಖ. ಹಣೆಯ ವಿಭೂತಿಯ ಮೂರು ಗೆರೆ ಎಣಿಸಬಹುದಿತ್ತು, ರೆಪ್ಪೆಯ ಕೂದಲು ಎಣಿಸಬಹುದಿತ್ತು. ಚೌಕವಿಲ್ಲ, ಮಸುಕಿಲ್ಲ. ನಾನು ಕೇಳಿದೆ, "ಅವ್ವನಂಗ ಹೌದಲ್ಲ?"

ಅಕ್ಕ ಕಣ್ಣು ಕಿರಿದು ಮಾಡಿ ನೋಡಿದಳು. "ಇಲ್ಲವಾ ತಂಗಿ. ಕೂಸು ಚಂದ ಐತಿ. ಆದ್ರ ಇದು ಪೂರಾ ನಿಮ್ಮ ಬೀಗತಿ ಮಾರಿ. ಮೂಗು ಸುದ್ದಾ."

ನಾನು ಕೂಸಿನ ಮೂಗನ್ನು ಮತ್ತೊಮ್ಮೆ ನೋಡಿದೆ. ಅಷ್ಟರಲ್ಲಿ ಅಕ್ಕ ನನ್ನ ಕಡೆ ತಿರುಗಿದಳು. "ಅದಿರ್ಲಿ. ನೀ ಎಲ್ಲಿದ್ದಿ? ಮೊಣಕೈ ಒಂದ ಕಂಡ್ತು."

"ಒಳಗಿದ್ನಿ. ಕೆಲಸಿತ್ತು."

"ಹನ್ನೊಂದು ವರ್ಷ ಮಂದಿ ತೊಟ್ಟಿಲದಾಗ ಒಳಗ ಕುಂತಿ. ನಿನ್ನ ಮನಿ ತೊಟ್ಟಿಲದಾಗೂ ಒಳಗ ಕುಂತೇನು?" ಅಕ್ಕನ ಕಣ್ಣಲ್ಲಿ ನೀರು ಬಂತು. ಆಗ ಖರೆ ಹೇಳಲೇಬೇಕಾಯಿತು. ಕ್ಯಾಮೆರಾ, ಹಸಿರು ಸೀರೆ, ಒಂದು ತಾಸು, ಎಲ್ಲ ಹೇಳಿದೆ. ಹೇಳುತ್ತ ಮಿಷಿನ್ನಿನಿಂದ ಡಿಸ್ಕು ತೆಗೆದು ಅದರ ಡಬ್ಬಿಯಲ್ಲಿಡಲು ಹೋದರೆ ತಳದ ಕಾಗದದ ಅಡಿ ಇನ್ನೊಂದು ಡಿಸ್ಕು ಇತ್ತು. ಮೇಲೆ ಸಾಬರ ದಪ್ಪ ಅಕ್ಷರ: "ಹಸರ ಸೀರಿ." ಫೋನು ಮಾಡಿದರೆ ಬೀಗತಿ, "ನಾನ ಹೇಳಿ ಮಾಡ್ಸೇನಿ. ಏನೀಗ? ಅಷ್ಟು ಕುಣದದ್ದನ್ನ ಕಸದಬುಟ್ಟಿಗೆ ಹಾಕೂದೇನು?" ಎಂದು ಇಟ್ಟುಬಿಟ್ಟರು.

ಹಾಕಿದೆ. ಅದರಲ್ಲಿದ್ದದ್ದು ಒಂದೇ ತಾಸು, ಒತ್ತಿ ತುಂಬುವ ಗೋಜಿರಲಿಲ್ಲ. ನನ್ನ ಮುಖದ ಸುಕ್ಕೊಂದೂ ತಪ್ಪಿರಲಿಲ್ಲ. ಒಂದು ಕಡೆ ನಾನು ಕ್ಯಾಮೆರಾದತ್ತ ತಿರುಗಿ, ಎರಡೂ ಕೈಯಿಂದ ಗಲ್ಲ ಹಿಡಿದುಕೊಂಡು, ಕಣ್ಣು ಮುಚ್ಚಿ ನಗುತ್ತಿದ್ದೆ.

"ನಿಲ್ಲಸು. ಅಲ್ಲೇ ನಿಲ್ಲಸು," ಎಂದಳು ಅಕ್ಕ. ನನ್ನ ಮುಂಗೈ ಗಟ್ಟಿಯಾಗಿ ಹಿಡಿದಳು. "ಇಲ್ಲಿ ಅದಾಳ ನೋಡು ಅವ್ವ. ಹಿಗ್ಗು ಬಂದ್ರ ಹಿಂಗ ಗಲ್ಲ ಹಿಡಕೊಂಡು ಕಣ್ಣ ಮುಚ್ಚತಿದ್ಲು. ನೀ ಹಿಂಗ ನಕ್ಕದ್ದು ನಾ ಯಾವತ್ತೂ ನೋಡಿದ್ದಿಲ್ಲ, ಅದಕ್ಕ ಗೊತ್ತಾಗಿದ್ದಿಲ್ಲ."

ಇದಾಗಿ ಎರಡು ವರ್ಷ. ಅಕ್ಕ ಈಗ ಕೋಲು ಹಿಡಿದು ಅಂಗಳದ ತನಕ ನಡೆಯುತ್ತಾಳೆ. ಆ ಹಸಿರು ಸೀರೆಯ ಡಿಸ್ಕಿನ ಇನ್ನೊಂದು ಪ್ರತಿ ಸಾಬರಿಂದ ಮಾಡಿಸಿ ತಂದು ನಾನೂ ಇಟ್ಟುಕೊಂಡಿದ್ದೇನೆ. ಅಳಿಯ ಎಲ್ಲಿಂದಲೋ ಒಂದು ಹಳೆಯ ಮಿಷಿನ್ನು ತಂದುಕೊಟ್ಟ. ಮಧ್ಯಾಹ್ನ ಕೆಲಸ ಮುಗಿದ ಮೇಲೆ ಹಾಕಿಕೊಂಡು ಕೂರುತ್ತೇನೆ. "ಏನಬೇ, ನಿನ್ನ ನೀನ ನೋಡ್ಕೋತ ಕುಂತೀಯಲ್ಲ," ಎಂದು ಶೈಲಾ ನಗುತ್ತಾಳೆ. ನಿನ್ನೆ ಗೌರಿ ನನ್ನ ತೊಡೆಯೇರಿ ಕೂತು, ಟಿ.ವಿ.ಯ ಕಡೆ ಬೆರಳು ಚಾಚಿ, "ಆಯಿ! ಆಯಿ!" ಎಂದು ಅಜ್ಜಿಯ ಗುರುತು ಹಿಡಿದು ಕೂಗಿದಳು.

"ಆಯಿ ಅಲ್ಲವಾ ನನ್ನ ಬಂಗಾರ," ಎಂದೆ. "ಅಕಿ ನಮ್ಮವ್ವ."