ದೆವ್ವದ ಕಾದಂಬರಿ ಬರೆದವಳ ಮನೆಗೆ ಬಂದ ಅತ್ತೆ ಸೊಸೆ

ದೆವ್ವದ ಬೇಟೆಯ ಕಾದಂಬರಿ ಬರೆದು ನಾನು ಕಟ್ಟಿಕೊಂಡ ಕರ್ಮ ಅಷ್ಟಿಷ್ಟಲ್ಲ. ಶಿಡ್ಲಘಟ್ಟದಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಹೇಳಿಕೊಡುವವಳು ನಾನು. ಉತ್ತರಪತ್ರಿಕೆ ತಿದ್ದಿ ತಿದ್ದಿ ತಲೆ ಕೆಟ್ಟ ಸಂಜೆಗಳಲ್ಲಿ ಬೇಸರ ಕಳೆಯಲೆಂದು ಬರೆದದ್ದು ಅದು. ಒಬ್ಬ ವಿಧವೆ ಬೆಟ್ಟದ ಗವಿಗಳಲ್ಲಿ ಅವಿತ ದೆವ್ವಗಳ ಜಾಡು ಹಿಡಿದು ಹೋಗುತ್ತಾಳೆ. ದೆವ್ವ ತನ್ನ ಹೆಸರು ಬಾಯಿಬಿಡುವ ತನಕ ಅವಳು ಕಣ್ಣು ಮುಚ್ಚುವಂತಿಲ್ಲ, ಮುಚ್ಚಿದರೆ ಅದು ಅವಳನ್ನೇ ಹೊಕ್ಕುಬಿಡುತ್ತದೆ. ಓದುಗರನ್ನು ಹೆದರಿಸಲು ನಾನೇ ಕಟ್ಟಿದ ಸುಳ್ಳು.

ಪುಸ್ತಕ ಬಂದದ್ದೇ ಬಂದದ್ದು, ಊರಲ್ಲಿ ನನ್ನ ವಿಜ್ಞಾನವನ್ನು ಎಲ್ಲರೂ ಮರೆತರು. ತರಕಾರಿಯವಳು ನಿಂಬೆಹಣ್ಣು ಕೊಡುವಾಗ ನನ್ನ ಮುಖ ನೋಡಿ ನಗುತ್ತಿದ್ದಳು. ದೆವ್ವ ಇಲ್ಲ ಕಣ್ರಪ್ಪ, ಅದು ಕಥೆ ಎಂದು ಹೇಳಿ ಹೇಳಿ ಬಾಯಿ ಸೋತು, ಕೊನೆಗೆ ಸುಮ್ಮನಾಗಿದ್ದೆ.

ಒಂದು ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಅಡ್ಡಾಗೋಣ ಎನ್ನುವಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು. ಮೇಲೂರಿನ ಕಡೆಯ ರೇಷ್ಮೆ ಬೆಳೆಯುವ ಮನೆಯವರು, ಅತ್ತೆ ಮತ್ತು ಸೊಸೆ. ಅತ್ತೆಯ ಕೈಯಲ್ಲಿದ್ದ ಚೀಲದಿಂದ ಕೋಳಿಯೊಂದು ತಲೆ ಹೊರಗೆ ಹಾಕಿ ನನ್ನನ್ನೇ ದಿಟ್ಟಿಸುತ್ತಿತ್ತು. ಸೊಸೆ ಗೋಡೆಗೆ ಒರಗಿ ನಿಂತಿದ್ದಳು. ಇಪ್ಪತ್ತರ ಆಸುಪಾಸಿನ ಹುಡುಗಿ, ಕಣ್ಣ ಸುತ್ತ ಕಪ್ಪು ಕಟ್ಟಿತ್ತು. ಇವರೂ ದೆವ್ವ ಬಿಡಿಸಿಕೊಳ್ಳಲೆಂದೇ ಬಂದದ್ದು ಎಂದು ನನಗೆ ಸಿಟ್ಟು ಉಕ್ಕಿತು. ಆದರೂ ಬಾಗಿಲಿಗೆ ಬಂದವರನ್ನು ಹೋಗಿ ಎನ್ನಲಾಗದೆ ಒಳಗೆ ಕರೆದೆ.

ಅತ್ತೆ ಹೇಳಿದ್ದಿಷ್ಟು. ಮನೆಯಲ್ಲಿ ಹುಳ ನಾಲ್ಕನೇ ಜ್ವರದಿಂದ ಎದ್ದಿವೆ. ಹುಳ ಪೊರೆ ಬಿಡುವುದನ್ನು ಇಲ್ಲಿ ಜ್ವರ ಎನ್ನುತ್ತಾರೆ. ಕೊನೆಯ ಜ್ವರದಿಂದ ಎದ್ದ ಹುಳ ಗೂಡು ಕಟ್ಟುವ ತನಕ ಹಗಲೂ ರಾತ್ರಿ ತಿನ್ನುತ್ತಲೇ ಇರುತ್ತದೆ, ಸೊಪ್ಪು ಕೊಯ್ದು ಹಾಕುವವರಿಗೆ ಬಿಡುವೆಂಬುದೇ ಇಲ್ಲ. ಇಂಥ ಹೊತ್ತಿನಲ್ಲಿ ಸೊಸೆ ಸೊಪ್ಪಿನ ರಾಶಿಯ ಮೇಲೆ ಬಿದ್ದಿದ್ದಾಳೆ. ಕಣ್ಣು ತೆರೆದೇ ಇತ್ತಂತೆ, ದನಿ ಮಾತ್ರ ಗಂಡಸಿನದಂತೆ. ಸಾಲದು, ಸಾಲದು, ಇನ್ನಷ್ಟು ಸೊಪ್ಪು ಹಾಕು ಎಂದಳಂತೆ. ಹಸಿದ ದೆವ್ವವೇ ಎಂದು ಮನೆಯವರು ತೀರ್ಮಾನಿಸಿದರು. ದೆವ್ವ ಮೆಟ್ಟಿದವಳು ಒಳಗೆ ಓಡಾಡಿದರೆ ಹುಳಕ್ಕೆ ರೋಗ ಬರುತ್ತದೆಂಬ ಭಯ ಬೇರೆ.

ಇವಳು ಮಲಗಿ ಎಷ್ಟು ದಿನವಾಯಿತು ಎಂದು ಕೇಳಿದೆ.

"ಮಲಗಕ್ಕೆ ಬಿಟ್ಟಿಲ್ಲ ಮೇಡಮ್ಮೋರೆ. ಕಣ್ಣು ಮುಚ್ಚಿದ್ರೆ ಅದು ಪೂರಾ ಒಳಗೆ ಹೊಕ್ಕುತ್ತೆ ಅಂತ ನೀವೇ ಬರೆದಿದ್ದೀರಂತಲ್ಲ. ನಮ್ಮ ಮಗಳು ಓದಿ ಹೇಳಿದ್ಳು. ತೂಕಡಿಸಿದಾಗೆಲ್ಲ ನೀರು ಎರಚ್ತಾ ಇದೀವಿ."

ನೋಡಿದರೆ ಹುಡುಗಿಯ ಕುಪ್ಪಸ ಇನ್ನೂ ಒದ್ದೆಯಿತ್ತು. ಅಯ್ಯೋ ತಾಯಿ, ಅದೆಲ್ಲ ಸುಳ್ಳು, ಇದು ಬರೀ ನಿದ್ದೆಗೇಡು ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅತ್ತೆ, ನಿಮ್ಮ ಕೈಲಾಗದಿದ್ದರೆ ಹೇಳಿಬಿಡಿ, ನಾಳೆಯೇ ಅಂಬಾಜಿದುರ್ಗದ ಕಡೆ ಕರೆದೊಯ್ಯುತ್ತೇವೆ, ಅಲ್ಲೊಬ್ಬ ಮೆಣಸಿನಕಾಯಿ ಹೊಗೆ ಹಾಕಿ ಬಿಡಿಸುತ್ತಾನೆ ಎಂದರು. ನಾನು ನಿಜ ಹೇಳಿದರೆ ಈ ಹುಡುಗಿ ನಾಳೆ ಆ ಹೊಗೆಯಲ್ಲಿ ಕೂರುತ್ತಾಳೆ. ವಿಜ್ಞಾನವೂ ಬೇಡ, ಏನೂ ಬೇಡ ಎನಿಸಿತು. ನನಗೂ ವಾದ ಮಾಡಿ ಸಾಕಾಗಿತ್ತು.

ಕೈಲಾಗುತ್ತದೆ, ಕೋಳಿ ಬೇಡ, ಚಾಪೆ ಸಾಕು ಎಂದೆ. ನಡುಮನೆಯಲ್ಲಿ ಚಾಪೆ ಹಾಸಿ, ದೀಪ ಹಚ್ಚಿದೆ. ಬಾಯಿಗೆ ಬಂದದ್ದನ್ನು ಮಣಮಣ ಗೊಣಗುತ್ತಾ ಕೂತೆ. ಬಾಯಿಗೆ ಬಂದದ್ದು ಮೂಲವಸ್ತುಗಳ ಹೆಸರು. ಹೈಡ್ರೋಜನ್, ಹೀಲಿಯಂ, ಲಿಥಿಯಂ. ಆಕ್ಸಿಜನ್ ತಲುಪುವ ಮೊದಲೇ ಹುಡುಗಿ ಪಕ್ಕಕ್ಕೆ ವಾಲಿ ಗೊರಕೆ ಹೊಡೆಯತೊಡಗಿದಳು. ಅತ್ತೆ ಗಾಬರಿಯಿಂದ ಎಬ್ಬಿಸಲು ಹೋದರು. ನಾನು ಅವರ ಕೈ ಹಿಡಿದುಕೊಂಡೆ.

"ಮುಟ್ಟಬೇಡಿ. ಇದು ಬೇರೆ ಜಾತಿದು, ನಿದ್ದೆಯಲ್ಲೇ ಬಿಟ್ಟು ಹೋಗೋದು. ಹುಳ ಗೂಡು ಕಟ್ಟೋವರೆಗೂ ಇವಳು ಹುಳದ ಮನೆಗೆ ಕಾಲಿಡಬಾರದು. ರಾತ್ರಿಯೆಲ್ಲ ಮಲಗಬೇಕು."

ಹಾಗಾದರೆ ಸೊಪ್ಪು ಹಾಕುವವರು ಯಾರು ಎಂದರು. ನಿಮ್ಮ ಮಗನಿಗೆ ಕೈಯಿಲ್ಲವೇ ಎಂದೆ.

ಕಾಫಿ ಮಾಡಿ ತಂದುಕೊಟ್ಟೆ. ಅವರು ಲೋಟ ಹಿಡಿದುಕೊಂಡು ಮಲಗಿದವಳನ್ನೇ ನೋಡುತ್ತಾ ಕೂತರು. ಕೋಳಿ ಚೀಲದಿಂದ ತಪ್ಪಿಸಿಕೊಂಡು ಅಡುಗೆಮನೆಗೆ ನುಗ್ಗಿದ್ದು ಕೂಡ ಅವರಿಗೆ ಗೊತ್ತಾಗಲಿಲ್ಲ. ಕಾಫಿ ಆರಿಹೋಯಿತು.

"ನಂಗೂ ಹಿಡಿದಿತ್ತು ಮೇಡಮ್ಮೋರೆ, ಮಗ ಇನ್ನೂ ಹಾಲು ಕುಡಿಯೋ ಕಾಲ್ದಲ್ಲಿ. ಹೀಗೇ ನಾಲ್ಕನೇ ಜ್ವರ ಎದ್ದಾಗ. ದುರ್ಗದಲ್ಲಿ ಈಗ ಇರೋನಲ್ಲ, ಅವನಪ್ಪ ಆಗ ಹೊಗೆ ಹಾಕ್ತಿದ್ದಿದ್ದು. ಅಲ್ಲಿಗೇ ಕರ್ಕೊಂಡು ಹೋಗಿದ್ರು."

ಬಿಟ್ಟಿತಾ ಎಂದು ಕೇಳಿದೆ. ಕೇಳಬಾರದಿತ್ತೇನೋ.

"ಬಿಡ್ತು ಅಂದೆ. ಅನ್ನೋವರೆಗೂ ಹೊಗೆ ನಿಲ್ಲಿಸಲಿಲ್ಲ. ಮನೆಗೆ ಬಂದು ಸೊಪ್ಪು ಹಾಕ್ದೆ. ಮಲಗು ಅಂತ ಯಾರೂ ಅನ್ನಲಿಲ್ಲ."

ಇನ್ನೊಂದು ಚಾಪೆ ತಂದು ಹಾಸಿ, ನೀವೂ ಸ್ವಲ್ಪ ಒರಗಿಕೊಳ್ಳಿ ಅಮ್ಮ ಎಂದೆ. ಅವರು ಚಾಪೆಯನ್ನು ಒಮ್ಮೆ ಕೈಯಿಂದ ಸವರಿದರು. ಆಮೇಲೆ ಮಂಡಿ ಹಿಡಿದುಕೊಂಡು ಎದ್ದು, ಚಪ್ಪಲಿ ಮೆಟ್ಟಿದರು.

"ಸೊಪ್ಪಿನ ಹೊತ್ತಾಯ್ತು, ನಾನೇ ಹೋಗಿ ಹಾಕ್ತೀನಿ. ಅವಳನ್ನ ಎಬ್ಬಿಸಬೇಡಿ."