ಮುನಿರತ್ನಮ್ಮನ ಉಸಿರಿನ ಪಾಠ

ಬೆಳಗಿನ ಆರು ಗಂಟೆ. ವಿರೂಪಾಕ್ಷಿಪುರದ ಆಚೆಗಿನ ಪುಟ್ಟ ಹಳ್ಳಿಯೊಂದರ ಹಾಲಿನ ಡೈರಿ ಮುಂದೆ ಕ್ಯಾನು ಹಿಡಿದವರ ಸಾಲು ನಿಂತಿದೆ. ಪಕ್ಕದ ಜಗಲಿಯ ಮೇಲೆ ಮಕ್ಕಳು ಚಕ್ಕಂಬಕ್ಕಳ ಹಾಕಿ ಕೂತು, ಕತ್ತಿನ ಮೇಲೆ ಕೈ ಇಟ್ಟುಕೊಂಡಿದ್ದಾರೆ. ಊರಿನ ಮಕ್ಕಳಿಗೆಲ್ಲ ಒಟ್ಟಿಗೇ ಗಂಟಲುನೋವು ಬಂದಿದೆಯೇನೋ ಅನ್ನಿಸಬೇಕು, ಹಾಗೆ. ಎದುರಿಗೆ ಕೂತ ಮುನಿರತ್ನಮ್ಮ ತುಟಿ ಕೂಡಿಸಿ ಬಿಡುತ್ತಾರೆ. ‘ಪ್’ ಎಂದು ಸಣ್ಣಗೆ ಗಾಳಿ ಹೊರಡುತ್ತದೆ. ಮಕ್ಕಳೂ ‘ಪ್’ ಅನ್ನುತ್ತಾರೆ. ಮತ್ತೆ ಹಾಗೆಯೇ ತುಟಿ ಕೂಡಿಸಿ, ಈ ಸಲ ಹಿಂದೆ ಕೂತ ನಾಲ್ಕನೇ ಕ್ಲಾಸಿನವರತ್ತ ಬೆರಳು ತೋರಿಸುತ್ತಾರೆ. ಅವರು ‘ಬ್’ ಅನ್ನುತ್ತಾರೆ. ಆ ‘ಬ್’ ಈಗ ಮೇಡಂಗೆ ಬರುವುದಿಲ್ಲ. ಅವರ ದನಿ ಕಳೆದ ಬೇಸಿಗೆಯಲ್ಲೇ ಹೋಯಿತು.

ಮುನಿರತ್ನಮ್ಮ ಊರಿನ ಸರ್ಕಾರಿ ಶಾಲೆಯ ಅತಿಥಿ ಶಿಕ್ಷಕಿ. ಇಂಗ್ಲಿಷ್ ಓದಲು ಅಕ್ಷರದ ಹೆಸರು ಬಂದರೆ ಸಾಲದು, ಅದರ ಸದ್ದು ಬರಬೇಕು ಎನ್ನುವುದು ಅವರ ಹಟ. ‘ಬಿ’ ಹೆಸರು, ‘ಬ್’ ಸದ್ದು. ಪುಸ್ತಕದಲ್ಲಿ ಅಘೋಷ, ಘೋಷ ಅನ್ನುವುದಕ್ಕೆ ಈ ಜಗಲಿಯಲ್ಲಿ ಉಸಿರಿನ ಸದ್ದು, ಗಂಟಲ ಸದ್ದು ಎಂದು ಹೆಸರು. ಕತ್ತು ಮುಟ್ಟಿಕೊಂಡಾಗ ಗುಂಯ್ ಅಂದರೆ ಗಂಟಲ ಸದ್ದು. ಬಸ್ಸು, ಪೆನ್ನು ಎಂದು ಎಲ್ಲದರ ಕೊನೆಗೂ ಒಂದು ‘ಉ’ ಸೇರಿಸುವುದು ನಮ್ಮ ಸೀಮೆಯ ಅಭ್ಯಾಸ. ಅದಕ್ಕೆ ಮೇಡಂ ಇಟ್ಟ ಹೆಸರು ಬಾಲ. ಯಾರಾದರೂ ‘ಬ್ಯಾಟು’ ಅಂದರೆ ಸಾಕು, ‘ಬಾಲ ಬಂತು, ಬಾಲ ಬಂತು’ ಎಂದು ಮಕ್ಕಳೆಲ್ಲ ನಗುತ್ತಾರೆ.

ಅವರ ಮಾತು ಕೇಳಲು, ಪತ್ರಿಕೆಗೆ ಬರೆಯಲೆಂದು ಬಂದಿರುವ ನಾನು ಕಿವಿಯನ್ನು ಅವರ ಬಾಯಿಯ ಹತ್ತಿರಕ್ಕೇ ಒಯ್ಯಬೇಕು. “ಮೊದ್ಲು ಗಂಟ್ಲು ಕಟ್ಕತು. ಐದ್ ಕ್ಲಾಸ್ನೂ ಒಂದೇ ರೂಮ್ನಾಗೆ ಕೂಗಿ ಕೂಗಿ ಹಂಗಾಗೈತೆ ಅನ್ಕಂಡೆ. ಬಿಸ್ನೀರು ಕುಡುದೆ, ಜೇಷ್ಠಮಧು ಅಗುದೆ. ಆಸ್ಪತ್ರೆಗೆ ಹೋಗೋ ಹೊತ್ಗೆ ಗಡ್ಡೆ ಬಲ್ತೋಗಿತ್ತು,” ಎಂದು ಪಿಸುಗುಡುತ್ತಾರೆ. ಶಾಲೆಯ ಗದ್ದಲದಲ್ಲಿ ಈ ಪಿಸುಮಾತು ಯಾರಿಗೂ ಕೇಳಿಸದು. ಹಾಲು ಹಾಕಲು ಮಕ್ಕಳು ಹೇಗೂ ಡೈರಿಗೆ ಬರುತ್ತಾರೆ, ಈ ಹೊತ್ತಿನಲ್ಲಿ ಊರೂ ತಣ್ಣಗಿರುತ್ತದೆ. ಅದಕ್ಕೇ ಇಂಗ್ಲಿಷ್ ಪಾಠ ಜಗಲಿಗೆ ಬಂದಿದೆ.

ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದು ಬೆಂಗಳೂರಿನ ಡಾಕ್ಟರು ಹೇಳಿದ್ದಾರೆ. ತೆಗೆದರೆ ಜೀವ ಉಳಿಯಬಹುದು, ಆದರೆ ಈ ಪಿಸುಮಾತೂ ಹೋಗುತ್ತದೆ. ತಡ ಮಾಡಿದರೆ ಜೀವಕ್ಕೇ ಸಂಚಕಾರ. ಚನ್ನಪಟ್ಟಣದ ಗೊಂಬೆ ಕಾರ್ಖಾನೆಯಲ್ಲಿ ದುಡಿಯುವ ಗಂಡ ಮಹೇಂದ್ರ ಕ್ಯಾನು ಕೆಳಗಿಟ್ಟು ನನ್ನ ಬಳಿ ಬರುತ್ತಾರೆ. “ಎರಡ್ ಸಲ ಡೇಟ್ ಕೊಟ್ರು. ಎರಡ್ ಸಲಾನೂ ಇವ್ಳು ಬಸ್ಸೇ ಹತ್ನಿಲ್ಲ. ನೀವಾದ್ರೂ ಒಸಿ ಬುದ್ಧಿ ಹೇಳಿ ಮೇಡಂ. ಇವ್ಳು ಹೋಗ್ಬುಟ್ರೆ ನಾನೇನ್ ಮಾಡ್ಲಿ?”

ಇಂಥವರನ್ನು ತ್ಯಾಗಮಯಿ ಎಂದು ಬರೆದು ಕೈತೊಳೆದುಕೊಳ್ಳುವುದು ನಮ್ಮಂಥವರಿಗೆ ಸುಲಭ. ನನಗೆ ಬಂದದ್ದು ಸಿಟ್ಟು. ತಮ್ಮ ಬದಲಿಗೆ ಒಬ್ಬರನ್ನು ಕಳಿಸಿ ಎಂದು ಈಕೆ ಶಿಕ್ಷಣ ಇಲಾಖೆಗೆ ಕೊಟ್ಟ ಅರ್ಜಿಗೆ ಉತ್ತರವಿಲ್ಲ ಎಂಬುದಕ್ಕೂ ಸಿಟ್ಟು, ಆ ಉತ್ತರಕ್ಕಾಗಿ ಜೀವ ಪಣಕ್ಕಿಟ್ಟು ಕೂತ ಈಕೆಯ ಮೇಲೂ ಸಿಟ್ಟು. “ಒಂದನೇ ಕ್ಲಾಸಿನ ಮಕ್ಕಳು ಉಸಿರಿನ ಸದ್ದು ಕಲ್ತವೆ, ಗಂಟ್ಲ ಸದ್ದು ಅರ್ಧ ಐತೆ. ಅರ್ಧಕ್ಕೆ ಬುಟ್ರೆ ಎಲ್ಲಾ ಮರ್ತುಬುಡ್ತವೆ,” ಎನ್ನುತ್ತಾರೆ ಮುನಿರತ್ನಮ್ಮ. ಮರೆತರೆ ಮತ್ತೆ ಕಲಿತಾರು, ನಿಮ್ಮ ಜೀವ ಹೋದರೆ ಬರುತ್ತದೆಯೇ ಎಂದು ಕೇಳಿಯೇಬಿಟ್ಟೆ. ಅವರು ಮಕ್ಕಳತ್ತ ತಿರುಗುತ್ತಾರೆ.

ಮುಂದಿನ ಸಾಲಿನಲ್ಲಿರುವ ಒಂದನೇ ಕ್ಲಾಸಿನ ಮನುಗೆ ‘ವ್’ ಬರುತ್ತಿಲ್ಲ. ಮೇಡಂ ಕೆಳದುಟಿಯ ಮೇಲೆ ಹಲ್ಲಿಟ್ಟು ತೋರಿಸುತ್ತಾರೆ. ಹೊರಡುವುದು ‘ಫ್’ ಮಾತ್ರ. ಅವನೂ ‘ಫ್’ ಅನ್ನುತ್ತಾನೆ. ಅವರು ಕತ್ತಿನ ನರ ಉಬ್ಬುವಂತೆ ದನಿ ಎಳೆಯಲು ಹೋಗುತ್ತಾರೆ. ಕೆಮ್ಮು ಕಿತ್ತುಕೊಂಡು ಬರುತ್ತದೆ. ಸೆರಗನ್ನು ಬಾಯಿಗೊತ್ತಿ ಬಗ್ಗಿಬಿಡುತ್ತಾರೆ. ಮಹೇಂದ್ರ ನೀರಿಗೆ ಓಡುತ್ತಾರೆ.

ಆಗ ನಾಲ್ಕನೇ ಕ್ಲಾಸಿನ ಅಮೂಲ್ಯ ಹಿಂದಿನ ಸಾಲಿನಿಂದ ಎದ್ದು ಬರುತ್ತಾಳೆ. ಅವಳಿಗೆ ಯಾರೂ ಹೇಳಿಲ್ಲ, ಬೆರಳು ತೋರಿಸಿಲ್ಲ. ಮನುವಿನ ಕೈ ಎಳೆದು ತನ್ನ ಕತ್ತಿನ ಮೇಲಿಟ್ಟುಕೊಂಡು ‘ವ್’ ಅನ್ನುತ್ತಾಳೆ. “ಗುಂಯ್ ಅಂತೈತಾ? ಈಗ ನೀನ್ ಹೇಳು.” ಅವನು ಎರಡು ಸಲ ಎಡವಿ ಮೂರನೆಯದಕ್ಕೆ ‘ವ್ಯಾನ್’ ಎಂದು ಕೂಗುತ್ತಾನೆ. ಅಮೂಲ್ಯ ಅವನ ಪಕ್ಕದವಳ ಕೈ ಹಿಡಿದುಕೊಳ್ಳುತ್ತಾಳೆ, ಆಮೇಲೆ ಅವಳಾಚೆಯವನದು.

ಮುನಿರತ್ನಮ್ಮ ತಲೆ ಎತ್ತಿ ನೋಡುತ್ತ ಕೂತಿದ್ದಾರೆ. ಕಣ್ಣಲ್ಲಿ ನೀರು ಸುರಿಯುತ್ತಿದೆ, ಒರೆಸಿಕೊಳ್ಳುವುದಿಲ್ಲ. ನೀರಿನ ಲೋಟ ಹಿಡಿದು ಬಂದ ಗಂಡನಿಗೆ, “ಸೋಮವಾರ ಹೋಗನ,” ಎನ್ನುತ್ತಾರೆ. ಸರಿಯಾಗಿ ಕೇಳಿಸಿತೋ ಇಲ್ಲವೋ ಎಂದು ಮಹೇಂದ್ರ ಬಗ್ಗಿ ಕಿವಿಗೊಡುತ್ತಾರೆ. ಆಕೆ ಎರಡನೇ ಸಲ ಹೇಳಿದಾಗ ಲೋಟವನ್ನು ಆಕೆಯ ಕೈಗಿತ್ತು ಪಕ್ಕದಲ್ಲೇ ಕೂರುತ್ತಾರೆ.

ಹೊರಡುವ ಮುನ್ನ, ನಿಮಗೇನಾದರೂ ಆಸೆ ಇದೆಯಾ ಎಂದು ಕೇಳುತ್ತೇನೆ. ಅವರು ನನ್ನ ಕಿವಿಯನ್ನು ಹತ್ತಿರಕ್ಕೆ ಕರೆಯುತ್ತಾರೆ.

“ಕುತ್ಗೇಲಿ ತೂತು ಮಾಡ್ತಾರಂತೆ, ಅದ್ರಾಗೇ ಉಸಿರಾಡ್ಬೇಕಂತೆ. ವಾಪಸ್ ಬಂದಾಗ ನನ್ ಕಂಡು ಮಕ್ಕಳು ಹೆದರ್ಕಬಾರ್ದು ಕಣಮ್ಮ. ಅಷ್ಟೇಯ.”