ಎರಡು ಸೀಟಿನ ಕಾರಿನಲ್ಲಿ ಐದು ಜನ

ಅಜ್ಜಂಪುರಕ್ಕೆ ಕಾರು ಬಂದರೆ ಮಕ್ಕಳು ಅದರ ಹಿಂದೆ ಓಡುತ್ತಿದ್ದ ಕಾಲ ಅದು. ಬಂದದ್ದು ಯಾರ ಮನೆಗೆ, ಬಂದವರು ಊಟ ಮಾಡಿಕೊಂಡು ಹೋದರಾ ಇಲ್ಲ ಬರೀ ಕಾಫಿ ಕುಡಿದು ಹೋದರಾ ಎನ್ನುವುದೆಲ್ಲ ಸಂಜೆಯೊಳಗೆ ಇಡೀ ಬೀದಿಗೆ ಗೊತ್ತಾಗುತ್ತಿತ್ತು. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಐದನೇ ಕ್ಲಾಸು. ನಿಮ್ಮಲ್ಲೂ ಎಷ್ಟೋ ಜನ ಹಾಗೆ ಓಡಿ, ಪೆಟ್ರೋಲ್ ಹೊಗೆ ಮೂಗಿಗೆ ಎಳೆದುಕೊಂಡವರೇ ಇರುತ್ತೀರಿ. ನಾನೂ ಓಡಿದವಳೇ. ಆದರೆ ಆ ವರ್ಷದ ಮಳೆಗಾಲದಲ್ಲಿ ನಮ್ಮ ಮನೆಗೇ ಒಂದು ಕಾರು ಬಂತು. ಅದರ ಹಿಂದೆ ಓಡುವ ಪ್ರಮೇಯವೇ ಬರಲಿಲ್ಲ, ಯಾಕೆಂದರೆ ಅದು ಓಡುತ್ತಲೇ ಇರಲಿಲ್ಲ.

ತರೀಕೆರೆ ಕಡೆಯಿಂದ ಒಂದು ಟ್ರ್ಯಾಕ್ಟರು ಹಗ್ಗ ಕಟ್ಟಿ ಎಳೆದುಕೊಂಡು ಬಂದ ಕಾರು. ಮೇಲೆ ಮುಚ್ಚಿಗೆ ಇಲ್ಲ, ಬಾಗಿಲು ಮೊಣಕಾಲೆತ್ತರ, ಇರುವುದೇ ಎರಡು ಸೀಟು, ಆ ಎರಡರಲ್ಲೂ ಹುಲ್ಲು ಬೆಳೆದಿತ್ತು. ಸ್ಟೇರಿಂಗ್ ಹಿಡಿದುಕೊಂಡು ಕೂತಿದ್ದ ನಮ್ಮಪ್ಪನ ಮುಖದಲ್ಲಿ ಮದುವೆ ಗಂಡಿನ ಕಳೆ! ಹೆಬ್ಬೆ ಕಡೆಯ ಒಂದು ಕಾಫಿ ತೋಟದ ಬಿಳಿ ದೊರೆ ಬಿಟ್ಟುಹೋದ ವಿಲಾಯಿತಿ ಕಾರಂತೆ. ಮಾಡು ಹಾರಿಹೋದ ಷೆಡ್ಡಿನಲ್ಲಿ ಕೋಳಿ ಕೂಡುವುದಕ್ಕೆ ಉಪಯೋಗವಾಗುತ್ತಿತ್ತಂತೆ. ಈಗಿನ ತೋಟದವರಿಗೆ ನೀರೆತ್ತಲು ಇಂಜಿನ್ ಬೇಕಿತ್ತು. ಅಪ್ಪ ನಮ್ಮ ಹಿಟ್ಟಿನ ಗಿರಣಿಗೆ ಕರೆಂಟು ಬಂದ ಮೇಲೆ ಮೂಲೆ ಸೇರಿದ್ದ ಹಳೇ ಡೀಸೆಲ್ ಇಂಜಿನ್ನು ಕೊಟ್ಟು ಇದನ್ನು ತಂದಿದ್ದರು.

ಅಜ್ಜ ಜಗಲಿಯಿಂದ ಇಳಿದು ಬಂದು ಕಾರನ್ನು ಒಂದು ಸುತ್ತು ಹಾಕಿದರು.

"ಓಡೋ ಇಂಜಿನ್ನು ಕೊಟ್ಟು ಓಡ್ದಿರೋ ಕಾರು ತಂದಿದ್ದೀಯಲ್ಲೋ! ನಿನ್ನಂಥ ವ್ಯಾಪಾರಸ್ಥನ್ನ ನಮ್ಮ ವಂಶದಲ್ಲೇ ಕಾಣೆ."

"ಅಪ್ಪಯ್ಯ, ಇದು ರೇಸಲ್ಲಿ ಓಡ್ತಿದ್ದ ಕಾರು."

"ಹೂಂ, ಓಡಿ ಓಡಿ ಸುಸ್ತಾಗಿ ಕೂತೈತೆ. ಇನ್ನು ಏಳಲ್ಲ."

ಅಪ್ಪ ತಲೆ ತಗ್ಗಿಸಿ ನಿಂತಿದ್ದು ನೋಡಿ ಅಜ್ಜನಿಗೆ ಸ್ವಲ್ಪ ಕನಿಕರ ಬಂತೇನೋ. "ನೋಡು, ಆಯುಧ ಪೂಜೆವರೆಗೂ ಟೈಮ್ ಕೊಡ್ತೀನಿ. ಅವತ್ತು ಪೂಜೆ ಮಾಡಿಸ್ಕೊಂಡು ತರೀಕೆರೆಗೆ ಹೋಗಿ ವಾಪಸ್ ಬರ್ಬೇಕು. ಎತ್ತು ಕಟ್ಟಂಗಿಲ್ಲ, ನೀವ್ಯಾರೂ ತಳ್ಳಂಗಿಲ್ಲ. ಬಂತೋ, ಇರ್ಲಿ. ಬರ್ಲಿಲ್ವೋ, ಮಾರನೇ ದಿನ ಕಡೂರಿನ ಗುಜರಿಯೋನಿಗೆ ಹೇಳಿ ಕಳಿಸ್ತೀನಿ" ಎಂದರು. ಅಜ್ಜ ಒಂದು ಮಾತು ಆಡಿದರೆ ಮುಗಿಯಿತು. ಆದರೆ ಅಷ್ಟರಲ್ಲಾಗಲೇ ನಾನು ಒಂದು ಸೀಟಿನ ಹುಲ್ಲು ಕಿತ್ತು ಕೂತಾಗಿತ್ತು, ಆ ಕಾರು ನನ್ನದಾಗಿತ್ತು.

ಗಿರಣಿಯ ಹಿಂದಿನ ಅಂಗಳದಲ್ಲಿ ತಗಡಿನ ಚಪ್ಪರ ಹಾಕಿ ಕೆಲಸ ಶುರುವಾಯಿತು. ಅಪ್ಪನಿಗೆ ಇಂಜಿನ್ ಗೊತ್ತಿತ್ತು, ಆದರೆ ತಾಳ್ಮೆ ಇರಲಿಲ್ಲ. ತಾಳ್ಮೆ ಇದ್ದದ್ದು ಗಿರಿಜತ್ತೆಗೆ. ಗಿರಿಜತ್ತೆ ಅಪ್ಪನ ತಂಗಿ, ಕಡೂರಿನಲ್ಲಿ ಪಿಯುಸಿ ಮುಗಿಸಿ, ಗಂಡು ಬರುವುದನ್ನು ಕಾಯುತ್ತಾ ಮನೆಯಲ್ಲಿದ್ದಳು. ಅಪ್ಪ ಗಡಿಬಿಡಿಯಲ್ಲಿ ಬಿಚ್ಚಿ ಬಿಸಾಡಿದ್ದನ್ನೆಲ್ಲ ಅವಳು ಸೀಮೆಎಣ್ಣೆಯಲ್ಲಿ ತೊಳೆದು, ಗೋಣಿಚೀಲದ ಮೇಲೆ ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಡುತ್ತಿದ್ದಳು. "ಅಣ್ಣಾ, ಇದು ಆ ಬೋಲ್ಟಿನ ಕೆಳಗೆ ಬತ್ತದೆ" ಎಂದು ಅವಳು, "ಸುಮ್ನಿರೇ, ನಂಗೊತ್ತು" ಎಂದು ಅಪ್ಪ. ಕೊನೆಗೆ ಅದು ಆ ಬೋಲ್ಟಿನ ಕೆಳಗೇ ಬರುತ್ತಿತ್ತು. ಇಂಜಿನ್ನಿನ ಸಂದಿಯಲ್ಲಿ ಬಿದ್ದ ನಟ್ಟು ತೆಗೆಯುವುದು ನನ್ನ ಇಲಾಖೆ, ಯಾಕೆಂದರೆ ಅಲ್ಲಿಗೆ ತೂರುವ ಕೈ ನನ್ನದೊಂದೇ. ಸಂಬಳವಾಗಿ ಹಳೇ ಬೇರಿಂಗಿನ ಉಕ್ಕಿನ ಗುಂಡುಗಳು ಸಿಗುತ್ತಿದ್ದವು. ಅವನ್ನು ಹಿಡಿದು ಗೋಲಿಯಾಟಕ್ಕೆ ಇಳಿದರೆ ಬೀದಿಯ ಹುಡುಗರ ಗಾಜಿನ ಗೋಲಿಗಳು ಚೂರುಚೂರು! ಎರಡೇ ವಾರಕ್ಕೆ ನನ್ನನ್ನು ಆಟಕ್ಕೆ ಸೇರಿಸುವುದನ್ನೇ ಬಿಟ್ಟರು. ಹೋಗಲಿ ಬಿಡಿ, ನನಗೆ ಕಾರಿತ್ತು.

ಅಮ್ಮ ಮೊದಮೊದಲು ಮೂಗು ಮುರಿದಳು. "ಮನೆ ತುಂಬಾ ಸೀಮೆಎಣ್ಣೆ ವಾಸನೆ, ಸಾರು ಕುಡಿದ್ರೂ ಅದೇ ವಾಸನೆ" ಎಂದು ಗೊಣಗುತ್ತಿದ್ದವಳು ಒಂದು ದಿನ ಸೀಟುಗಳನ್ನು ನೋಡಿ, "ಅಯ್ಯೋ, ಇದರ ಮೇಲೆ ಕೂತ್ರೆ ಸ್ಪ್ರಿಂಗ್ ಚುಚ್ಚಿ ಆಸ್ಪತ್ರೆಗೇ ಹೋಗ್ಬೇಕು" ಎಂದು ಹೊಲಿಗೆ ಮಿಷನ್ನು ಅಂಗಳಕ್ಕೇ ತಂದುಬಿಟ್ಟಳು. ಬಸ್ಸಿನ ಸೀಟು ಹೊಲಿಯುವವರಿಂದ ತಂದ ಕೆಂಪು ರೆಕ್ಸಿನ್, ಒಳಗೆ ಬೂರುಗದ ಹತ್ತಿ. ಕಾರ್ಬೊರೇಟರ್ ಅಂತ ಎರಡು ಇತ್ತು ಆ ಕಾರಿಗೆ, ಪಕ್ಕಕ್ಕೆ ಬಾಯಿ ತೆರೆದುಕೊಂಡ ಎರಡು ಗಿಂಡಿಗಳ ಹಾಗೆ. ಇಂಜಿನ್ನು ಉಸಿರೆಳೆಯುವುದು ಆ ಬಾಯಿಗಳಿಂದ. ಧೂಳು ಸೋಸುವ ಡಬ್ಬಿಗಳು ಕಳೆದುಹೋಗಿದ್ದವು, ಎಲ್ಲೂ ಸಿಗಲಿಲ್ಲ. ಅಮ್ಮ ಹಿಟ್ಟು ಸೋಸುವ ತೆಳು ಬಟ್ಟೆಯಲ್ಲಿ ಎರಡು ಕುಲಾವಿ ಹೊಲಿದು ದಾರ ಕಟ್ಟಿಕೊಟ್ಟಳು.

ಹಿತ್ತಾಳೆ, ಕ್ರೋಮಿಗೆಲ್ಲ ಹುಣಸೆಹಣ್ಣು ಹಚ್ಚಿ ತಿಕ್ಕಿದೆವು. ಹೆಡ್‌ಲೈಟಿನ ಒಳಗನ್ನಡಿಗೆ ಮಾತ್ರ ಹುಣಸೆಹಣ್ಣು ಒರಟಾಯಿತು. ಅದಕ್ಕಿಂತ ನುಣುಪಾದ ಪುಡಿ ನಮ್ಮ ಮನೆಯಲ್ಲಿ ಯಾವುದಿದೆ? ಗಿರಿಜತ್ತೆ ನನ್ನ ಮುಖ ನೋಡಿದಳು, ನಾನು ದೇವರಕೋಣೆ ಕಡೆ ನೋಡಿದೆ. ಅಜ್ಜನ ವಿಭೂತಿ ಗಟ್ಟಿಯಲ್ಲಿ ಅರ್ಧ ಖಾಲಿಯಾಯಿತು, ಕನ್ನಡಿಗಳು ಫಳಫಳ ಹೊಳೆದವು. ಮರುದಿನ ಲಿಂಗಪೂಜೆಗೆ ಕೂತ ಅಜ್ಜ ಅಲ್ಲಿಂದಲೇ ಕೂಗಿದರು: "ಲೇ ಪದ್ಮೀ, ವಿಭೂತಿ ನೀನು ತಿಂದ್ಯೋ, ಕಾರು ತಿಂತೋ?"

ನಾನು ಹೆದರಿ, "ಕಾರು ಅಜ್ಜಾ" ಎಂದೆ.

"ಹಾಗಾದ್ರೆ ಅದಕ್ಕೂ ಲಿಂಗ ಕಟ್ಟಿಬಿಡಿ" ಎಂದರು. ಬೈಗುಳದಲ್ಲಿ ನಗು ಇದ್ದದ್ದು ನನಗೆ ಕೇಳಿಸಿತು. ಅಂದಿನಿಂದ ಅವರು ಸಂಜೆ ಸಂಜೆ ಚಪ್ಪರದ ಕಡೆ ಬಂದು, ಏನೂ ಕೇಳದೆ, ಕೆಮ್ಮಿ, ಹೋಗುತ್ತಿದ್ದರು.

ಇಂಜಿನ್ನು ಮೊದಲ ಸಲ ಹೊತ್ತಿಕೊಂಡದ್ದು ನವರಾತ್ರಿ ಶುರುವಾಗುವ ಮುಂಚಿನ ಒಂದು ಮಧ್ಯಾಹ್ನ. ಢಂ ಎಂದು ಸೈಲೆನ್ಸರಿನಲ್ಲಿ ಒಂದು ಗುಂಡು ಹಾರಿತು. ಪಕ್ಕದ ಮನೆಯ ಎಮ್ಮೆ ಗೂಟ ಕಿತ್ತುಕೊಂಡು ಓಡಿತು. ಹಿಟ್ಟು ಬೀಸಿಸಲು ಬಂದವರು ಚೀಲ ಬಿಟ್ಟು ಅಂಗಳಕ್ಕೆ ನುಗ್ಗಿದರು. ಆಮೇಲೆ ಗುರ್ರ್ ಎಂದು ಒಂದೇ ಸಮನೆ ಶಬ್ದ. ಅಬ್ಬಾ, ಆ ಶಬ್ದ! ನಾನು ಕುಣಿದೆ, ಗಿರಿಜತ್ತೆ ನನ್ನನ್ನು ಎತ್ತಿಕೊಂಡು ಕುಣಿದಳು, ಅಮ್ಮ ಹಿಟ್ಟಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡು ನಿಂತಳು. ಅಪ್ಪ ಅಳುತ್ತಿದ್ದರು. ಆಮೇಲಿನ ದಿನಗಳಲ್ಲಿ ಅಜ್ಜ ಮಠಕ್ಕೆ ಹೋದಾಗಲೆಲ್ಲ ಅಪ್ಪ ಅಂಗಳದಲ್ಲೇ ಗಿರಿಜತ್ತೆಗೆ ಕ್ಲಚ್ಚು ಗೇರು ಹೇಳಿಕೊಟ್ಟರು. ಅದು ನಮ್ಮ ನಡುವಿನ ಗುಟ್ಟು.

ಆಯುಧ ಪೂಜೆಯ ದಿನ ಬೆಳಿಗ್ಗೆ ಗಿರಣಿಗೆ, ತಕ್ಕಡಿಗೆ, ಅಮ್ಮನ ಹೊಲಿಗೆ ಮಿಷನ್ನಿಗೆ ಪೂಜೆಯಾಯಿತು. ಕಾರಿಗೆ ಪೂಜೆ ಮಾಡಲು ಅಜ್ಜ ತಾವೇ ನಿಂತರು. ಅಪ್ಪ ಬಾನೆಟ್ಟಿನ ಮೇಲೆ ಹೂವಿಡಲು ಹೋದರೆ ತಡೆದರು.

"ತಗಡಿಗೇನೋ ಪೂಜೆ? ಓಡೋದು ಇಂಜಿನ್ನು. ತೆಗಿ ಅದನ್ನ."

ಬಾನೆಟ್ಟು ತೆರೆದುಕೊಟ್ಟು ಅಪ್ಪ ಬೂದುಗುಂಬಳಕಾಯಿ ತರಲು ಒಳಗೆ ಹೋದರು. ನಾವೆಲ್ಲ ಚಕ್ರದ ಕೆಳಗೆ ನಿಂಬೆಹಣ್ಣು ಇಡುವುದರಲ್ಲಿದ್ದೆವು. ಧೂಪ ಹಾಕಿ, ಕಾಯಿ ಒಡೆದು, ಅಜ್ಜ ಇಂಜಿನ್ನಿಗೆ ವಿಭೂತಿಯ ಮೂರು ಗೆರೆ ಎಳೆದು ಬಾನೆಟ್ಟು ಮುಚ್ಚಿದರು.

ಹೊರಡುವ ಹೊತ್ತಿಗೆ ಅಜ್ಜ ಹೊಸ ಪಂಚೆ ಉಟ್ಟು, ಶಲ್ಯ ಹೊದ್ದು ಪಕ್ಕದ ಸೀಟಿನಲ್ಲಿ ಬಂದು ಕೂತರು. "ನಾನು ಕಣ್ಣಾರೆ ನೋಡ್ಬೇಕು" ಎಂದರು. ಗಿರಿಜತ್ತೆ, ನಾನು ಸೀಟಿನ ಹಿಂದೆ ಸಾಮಾನು ಇಡುವ ಹಲಗೆ ಮೇಲೆ ಹತ್ತಿದೆವು. ಅಮ್ಮ ಬಾಗಿಲಲ್ಲೇ ನಿಂತಿದ್ದಳು. ಅಜ್ಜ ತಿರುಗಿ ನೋಡಿ, "ನೀನೂ ಬಾರವ್ವಾ, ಸೀಟು ಹೊಲ್ದೋಳು ನೀನಲ್ವಾ?" ಎಂದರು. ಮಾವನ ಎದುರು ನಿಂತು ಮಾತಾಡದ ಅಮ್ಮ ಸೆರಗು ಬಿಗಿದು ನಮ್ಮ ನಡುವೆ ಬಂದು ತೂರಿಕೊಂಡಳು. ಎರಡು ಸೀಟಿನ ಕಾರಿನಲ್ಲಿ ಐದು ಜನ! ನಿಂಬೆಹಣ್ಣುಗಳು ಪಚ್ ಪಚ್ ಎಂದವು, ಹೊರಟೇಬಿಟ್ಟೆವು.

ಆ ದಿನದ ತರೀಕೆರೆ ರಸ್ತೆಯನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಮಳೆ ನಿಂತು ಹೊಲಗಳೆಲ್ಲ ಹಸಿರಾಗಿದ್ದವು. ರಾಗಿ ತೆನೆಯ ವಾಸನೆ, ಬಿಸಿ ಇಂಜಿನ್ನಿನ ವಾಸನೆ, ಅಮ್ಮನ ಮುಡಿಯ ಕನಕಾಂಬರ ಹಾರಿ ನನ್ನ ಬಾಯಿಗೆ. ಶೃಂಗಾರ ಮಾಡಿಕೊಂಡ ಎತ್ತಿನ ಗಾಡಿಗಳನ್ನು, ಬಾಳೆಕಂದು ಕಟ್ಟಿದ ಲಾರಿಯೊಂದನ್ನು ಹಿಂದೆ ಹಾಕಿದೆವು. ಗಿರಿಜತ್ತೆ ಎದ್ದು ನಿಂತು ಕೇಕೆ ಹಾಕಿದಳು. "ಕೂತ್ಕೊಳ್ಳೇ, ಬಿದ್ದು ಗಿದ್ದೀಯ" ಎಂದು ಗದರಿಸಿದ ಅಜ್ಜ, ಸ್ವಲ್ಪ ಹೊತ್ತಿಗೆ ತಾವೇ ಅಪ್ಪನ ಕಡೆ ಬಾಗಿ, "ಇಷ್ಟೇನಾ ಇದರ ಸ್ಪೀಡು?" ಎಂದರು. ತರೀಕೆರೆಯಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬೋಂಡ ತಿಂದು, ಸುತ್ತ ನೆರೆದ ಮಕ್ಕಳಿಗೆ ಹಾರ್ನು ಒತ್ತಲು ಬಿಟ್ಟು ವಾಪಸ್ ಹೊರಟೆವು.

ಅಜ್ಜಂಪುರ ಇನ್ನು ಎರಡು ಮೈಲಿ ಇದೆ ಎನ್ನುವಾಗ ಕಾರು ಕೆಮ್ಮಿತು. ಇನ್ನೊಮ್ಮೆ ಕೆಮ್ಮಿ, ನಿಂತೇಹೋಯಿತು. ಅಪ್ಪ ಕೀಲಿ ತಿರುಗಿಸಿದರು, ಗುಂಡಿ ಒತ್ತಿದರು, ಮತ್ತೆ ಒತ್ತಿದರು. ಕುಂಯ್ ಕುಂಯ್ ಎನ್ನುತ್ತಿದ್ದ ಬ್ಯಾಟರಿ ಕೊನೆಗೆ ಅದನ್ನೂ ಬಿಟ್ಟಿತು. ಅಪ್ಪ ಸ್ಟೇರಿಂಗಿನ ಮೇಲೆ ಹಣೆಯಿಟ್ಟು ಕೂತುಬಿಟ್ಟರು. ಇಷ್ಟು ಹತ್ತಿರ ಬಂದು ಗುಜರಿಗೆ ಹೋಗುತ್ತಲ್ಲಾ ಎಂದು ನನಗೆ ದುಃಖ ಒತ್ತರಿಸಿ ಬಂತು. ಜೋರಾಗಿ ಅತ್ತುಬಿಟ್ಟೆ.

ಗಿರಿಜತ್ತೆ ಇಳಿದು ಬಾನೆಟ್ಟು ತೆರೆದಳು. "ಅಣ್ಣಾ, ಬಟ್ಟೆ ಎಲ್ಲೋಯ್ತು?" ಎಂದಳು. ಅಮ್ಮ ಹೊಲಿದ ಕುಲಾವಿಗಳು ಎರಡೂ ಇರಲಿಲ್ಲ. ಅವಳು ತಲೆಯಿಂದ ಹೇರ್‌ಪಿನ್ನು ಕಿತ್ತು ಕಾರ್ಬೊರೇಟರಿನ ಬಾಯಿಗೆ ಹಾಕಿ ಎಳೆದಳು. ಪೆಟ್ರೋಲಿನಲ್ಲಿ ನೆಂದ ಹಳದಿ ಎಸಳುಗಳ ಮುದ್ದೆ ಬಂತು. ಇನ್ನೊಂದು ಬಾಯಿಂದಲೂ ಅದೇ. ಚೆಂಡುಹೂವು! ದಾರಿಯುದ್ದಕ್ಕೂ ಎಸಳೆಸಳಾಗಿ ಒಳಗೆ ಸರಿದು ಬಾಯಿ ಕಟ್ಟಿತ್ತು.

"ಇದ್ಯಾರು ಇಲ್ಲಿಗೆ ಹೂವು ಹಾಕಿದ್ದು?" ಎಂದು ಅಪ್ಪ ಕೂಗಿಯೇ ಬಿಟ್ಟರು. ಅಜ್ಜ ಸೀಟಿನಲ್ಲಿ ಮಿಸುಕಾಡಿದರು.

"ನಾನೇ ಕಣೋ" ಎಂದರು. "ದೇವರ ಬಾಯಿಗೆ ಬಟ್ಟೆ ಕಟ್ಟಿದ್ದೀರಲ್ಲಾ ಅಂತ ಬಿಚ್ಚಿದೆ. ಬಾಯಿ ತೆರ್ಕೊಂಡಿತ್ತು, ಎರಡೆರಡು ಹೂವು ಇಟ್ಟೆ."

ಅಪ್ಪನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಗಿರಿಜತ್ತೆ ಎಲ್ಲ ಕಿತ್ತು ತೆಗೆದು, ಸೆರಗಿನಲ್ಲಿ ಒರೆಸಿ ಸರಿಮಾಡಿದಳು. ಈಗ ಕಾರು ಹೊರಡಲು ಬೇಕಾದದ್ದು ಒಂದೇ, ನಾಲ್ಕು ಮಾರು ತಳ್ಳಬೇಕು. ಆದರೆ ಅಪ್ಪ ಕೈಕಟ್ಟಿ ನಿಂತರು. "ತಳ್ಳಂಗಿಲ್ಲ ಅಂತ ಮಾತಾಗಿದೆ. ಆಯ್ತು, ನಾನು ಸೋತೆ ಅಪ್ಪಯ್ಯ. ಊರಿಂದ ಎತ್ತು ತರ್ತೀನಿ, ನಾಳೆ ಗುಜರಿಯೋನಿಗೆ ಹೇಳಿ" ಎಂದರು.

ಅಜ್ಜ ಇಳಿದರು. ಶಲ್ಯ ತೆಗೆದು ಅಮ್ಮನ ಕೈಗೆ ಕೊಟ್ಟರು. ಪಂಚೆ ಎತ್ತಿ ಕಚ್ಚೆ ಹಾಕಿಕೊಂಡು ಕಾರಿನ ಹಿಂದಕ್ಕೆ ಹೋಗಿ, ಎರಡೂ ಕೈ ಊರಿದರು.

"ನೀವ್ಯಾರೂ ತಳ್ಳಂಗಿಲ್ಲ ಅಂದಿದ್ದೆ. ನಾನು ತಳ್ಳಂಗಿಲ್ಲ ಅಂತ ಯಾವಾಗ ಅಂದಿದ್ದೆ?"

"ಅಪ್ಪಯ್ಯ, ನಿಮ್ಮೊಬ್ರ ಕೈಲಿ ಆಗಲ್ಲ..."

"ಆಗ್ದಿದ್ರೆ ಬಾ ಮತ್ತೆ! ನಿಂತ್ಕೊಂಡು ಏನ್ ನೋಡ್ತಿದ್ದೀಯ? ಮಾತು ಆಡಿದ್ದೂ ನಾನೇ, ಹೂವು ಇಟ್ಟಿದ್ದೂ ನಾನೇ. ಲೇ ಗಿರಿಜಾ, ಹಗುರಾಗಿದ್ದೀಯ, ನೀನು ಹತ್ತು. ಅಂಗಳದಲ್ಲಿ ಕಲ್ತಿರೋದು ಯಾವ ಚಂದಕ್ಕೆ ಅಂತ ನೋಡೇಬಿಡಾನ."

ಗುಟ್ಟು ಅವರಿಗೆ ಎಂದಿನಿಂದ ಗೊತ್ತಿತ್ತೋ! ಗಿರಿಜತ್ತೆ ಹಾರಿ ಸ್ಟೇರಿಂಗಿಗೆ ಕೂತಳು. ಅಜ್ಜ, ಅಪ್ಪ, ಶಲ್ಯ ಕಂಕುಳಲ್ಲಿ ಸಿಕ್ಕಿಸಿಕೊಂಡ ಅಮ್ಮ, ನಾನು. ಹೋ ಎಂದು ತಳ್ಳಿದೆವು. ಕಾರು ಉರುಳಿತು, ಜಗ್ಗಿತು, ಢಂ ಎಂದಿತು, ಹೊತ್ತಿಕೊಂಡಿತು! ನಿಲ್ಲಿಸಿದರೆ ಮತ್ತೆ ಆರಿಹೋದೀತು ಎಂದು ಅತ್ತೆ ನಿಲ್ಲಿಸಲೇ ಇಲ್ಲ. ನಾವು ಓಡೋಡಿ ಹತ್ತಿಕೊಂಡೆವು. ಅಜ್ಜನನ್ನು ಅಪ್ಪ ಮಗುವಿನ ಹಾಗೆ ಎತ್ತಿ ಒಳಕ್ಕೆ ಹಾಕಿದರು. ಏದುಸಿರು ಬಿಡುತ್ತಾ ಅಜ್ಜ ನಗುತ್ತಿದ್ದರು. ಹಾಗೆ ನಗುವುದನ್ನು ಅದಕ್ಕೆ ಮುಂಚೆ ನಾನು ಕಂಡಿರಲಿಲ್ಲ. ಅಜ್ಜಂಪುರದ ಬೀದಿಯಲ್ಲಿ ಒಬ್ಬ ಹುಡುಗಿ ಕಾರು ಓಡಿಸಿಕೊಂಡು ಬಂದಳು, ಊರಿಗೆ ಊರೇ ಹೊರಗೆ ಬಂದು ನಿಂತಿತು.

ಕಾರು ಉಳಿಯಿತು. ಅಪ್ಪ ಕೈಕಾಲು ಗಟ್ಟಿಯಿರುವವರೆಗೂ ಓಡಿಸಿದರು. ಆಮೇಲೆ ತುಕ್ಕು ಹಿಡಿಯುವುದನ್ನು ನೋಡಲಾರದೆ, ಹಳೇ ಕಾರುಗಳನ್ನು ಕೂಡಿಡುವ ಮೈಸೂರಿನ ಒಬ್ಬರಿಗೆ ಕೊಟ್ಟರು. ಈಗ ಅಜ್ಜ ಇಲ್ಲ, ಅಪ್ಪ ಇಲ್ಲ, ಅಮ್ಮನೂ ಹೋಗಿ ವರ್ಷಗಳಾದವು. ಹೋದ ವರ್ಷ ಮೈಸೂರಿನಲ್ಲಿ ಹಳೇ ಕಾರುಗಳ ಪ್ರದರ್ಶನ ಇದೆ ಎಂದು ಗಿರಿಜತ್ತೆಯನ್ನು ಕರೆದುಕೊಂಡು ಹೋಗಿದ್ದೆ. ನಂಬರ್ ಪ್ಲೇಟ್ ನೋಡಿ ಅವಳು, "ಪದ್ಮೀ, ನಮ್ಮದೇ ಕಣೇ!" ಎಂದು ಕೂಗಿದಳು. ಕಂಪನಿಯಿಂದ ಆಗತಾನೇ ಬಂದ ಹಾಗಿತ್ತು. ಪ್ರತಿಯೊಂದೂ ಅಸಲಿ ಭಾಗವಂತೆ, ವಿದೇಶದಿಂದ ತರಿಸಿದ್ದಂತೆ. ನಾವು ಮಾಡಿ ಹಾಕಿದ್ದು ಒಂದೂ ಅದರಲ್ಲಿ ಉಳಿದಿರಲಿಲ್ಲ. ಸುತ್ತ ಹಗ್ಗ ಕಟ್ಟಿದ್ದರು.

ಅತ್ತೆ ಹಗ್ಗದ ಮೇಲಿಂದ ಬಾಗಿ ಬಾನೆಟ್ಟಿನ ಕಡೆ ಕೈ ಚಾಚಿದಳು. ಕಾವಲಿನ ಹುಡುಗ ಓಡಿಬಂದ.

"ಮುಟ್ಬೇಡಿ ಅಮ್ಮಾ."

"ನಂದೇ ಕಣಪ್ಪಾ ಇದು. ಒಂದೊಂದು ನಟ್ಟೂ ಬಿಚ್ಚಿ ಕಟ್ಟಿದ್ದೀನಿ."

ಅವನು ಒಳ್ಳೆಯ ಹುಡುಗ, ನಕ್ಕ. "ಇರಬಹುದು ಅಮ್ಮಾ. ಆದ್ರೂ ಮುಟ್ಟೋ ಹಂಗಿಲ್ಲ."

"ಆಯ್ತು ಬಿಡಪ್ಪ" ಎಂದು ಅತ್ತೆ ಕೈ ಹಿಂದಕ್ಕೆ ತೆಗೆದುಕೊಂಡಳು. ಎಲ್ಲರ ಹಾಗೆ ನಾವಿಬ್ಬರೂ ಹಗ್ಗದ ಈಚೆ ನಿಂತು ಒಂದು ಫೋಟೋ ತೆಗೆಸಿಕೊಂಡು ಬಂದೆವು.